ಪ್ರಾರ್ಥನೆಯ ಹೊತ್ತಿನಲ್ಲಿ ಎತ್ತಿದ ಕತ್ತಿ

ನಮ್ಮ ವಿದ್ಯಾರಣ್ಯಪುರದವರಿಗೆ ನಾಟಕ ನೋಡುವುದೆಂದರೆ ಒಂದು ಯಾತ್ರೆಯೇ ಸರಿ. ರವೀಂದ್ರ ಕಲಾಕ್ಷೇತ್ರವಿರುವುದು ಜೆ.ಸಿ. ರಸ್ತೆಯಲ್ಲಿ; 2004ರಲ್ಲಿ ಬಾಗಿಲು ತೆರೆದ ರಂಗಶಂಕರವಿರುವುದು ಅದಕ್ಕೂ ದಕ್ಷಿಣದ ಜೆ.ಪಿ. ನಗರದಲ್ಲಿ. ಊರನ್ನು ಉದ್ದಕ್ಕೆ ದಾಟಿ ಹೋದವರಿಗೆ ಕೊನೆಯ ಅಂಕದ ಹೊತ್ತಿಗೆ ನಾಯಕನ ಗತಿಗಿಂತ ಮನೆಗೆ ಮರಳುವ ಬಸ್ಸಿನ ಚಿಂತೆಯೇ ಹೆಚ್ಚು. ಹೀಗಾಗಿ ನಾವು ಕೆಲವರು ತಿಂಗಳಿಗೊಮ್ಮೆ, ಭಾನುವಾರದ ಬಲಿಪೂಜೆಯ ನಂತರ ಒಂದು ಮನೆಯಲ್ಲಿ ಸೇರಿ, ಪಾತ್ರಗಳನ್ನು ಹಂಚಿಕೊಂಡು ನಾಟಕ ಓದುತ್ತೇವೆ. ಬಿ.ಇ.ಎಲ್., ಎಚ್.ಎಂ.ಟಿ. ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು, ಗೃಹಿಣಿಯರು, ಇಬ್ಬರು ಮೂವರು ಕಾಲೇಜು ವಿದ್ಯಾರ್ಥಿಗಳು, ಇಷ್ಟೇ ನಮ್ಮ ರಂಗಬಳಗ.

ಕಳೆದ ತಪಸ್ಸುಕಾಲದಲ್ಲಿ ನಾವು ಓದಲು ಆರಿಸಿಕೊಂಡದ್ದು ಗಿರೀಶ ಕಾರ್ನಾಡರ 'ತುಘಲಕ್'. ತಪಸ್ಸುಕಾಲದಲ್ಲಿ ಯೇಸುಸ್ವಾಮಿಯ ಪಾಡುಗಳ ನಾಟಕವನ್ನು ಬಿಟ್ಟು ದಿಲ್ಲಿಯ ಸುಲ್ತಾನನ ಕಥೆಯೇಕೆ ಎಂದು ಒಬ್ಬ ತಾಯಿ ಆಕ್ಷೇಪಿಸಿದರು. ಪ್ರಾರ್ಥನೆಯನ್ನು ಕುರಿತು ಕನ್ನಡದಲ್ಲಿ ಇಷ್ಟು ಕಟುವಾಗಿ ವಿಚಾರ ಮಾಡಿದ ನಾಟಕ ಇನ್ನೊಂದಿಲ್ಲವೆಂಬುದೇ ನಮ್ಮ ಉತ್ತರವಾಗಿತ್ತು. ಜೊತೆಗೆ ನಮ್ಮ ಬಡಾವಣೆಯ ಹೆಸರಿಗೂ ಆ ಸುಲ್ತಾನನ ಕಾಲಕ್ಕೂ ನಂಟುಂಟು. ಮುಹಮ್ಮದ್ ಬಿನ್ ತುಘಲಕನ ಸೈನ್ಯ ದಕ್ಷಿಣದ ರಾಜ್ಯಗಳನ್ನು ಕೆಡವಿದ ಬೆನ್ನಲ್ಲೇ, 1336ರಲ್ಲಿ, ವಿದ್ಯಾರಣ್ಯರ ಆಶೀರ್ವಾದದಿಂದ ವಿಜಯನಗರ ತಲೆಯೆತ್ತಿತೆಂದು ಪರಂಪರೆ ಹೇಳುತ್ತದೆ.

ಕಾರ್ನಾಡರು ಈ ನಾಟಕವನ್ನು ಪ್ರಕಟಿಸಿದ್ದು 1964ರಲ್ಲಿ. ಆಗ ಅವರಿಗೆ ಕೇವಲ 26 ವರ್ಷ. ನಾಟಕ ತೆರೆದುಕೊಳ್ಳುವುದು 1327ರ ದಿಲ್ಲಿಯಲ್ಲಿ. ಸುಲ್ತಾನ ವಿದ್ವಾಂಸ, ಚದುರಂಗ ಪ್ರವೀಣ, ಹಿಂದೂ-ಮುಸ್ಲಿಮರನ್ನು ಸಮನಾಗಿ ಕಾಣಬೇಕೆಂಬ ಹಂಬಲವುಳ್ಳವನು. ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುತ್ತಾನೆ, ತಾಮ್ರದ ನಾಣ್ಯವನ್ನು ಚಲಾವಣೆಗೆ ತರುತ್ತಾನೆ. ಕೊನೆಗೆ ಅವನ ಕನಸಿನ ಗುಲಾಬಿ ತೋಟ ಖೋಟಾ ನಾಣ್ಯಗಳ ರಾಶಿ ಸುರಿಯುವ ತಾಣವಾಗುತ್ತದೆ. ನೆಹರೂ ಯುಗದ ಭ್ರಮನಿರಸನವನ್ನು ಯು.ಆರ್. ಅನಂತಮೂರ್ತಿಯವರು ಇದರಲ್ಲಿ ಕಂಡರು. ಆ ಓದು ಸರಿಯೇ. ಆದರೆ ನಮ್ಮ ಮನಸ್ಸು ನಿಂತದ್ದು ಬೇರೊಂದು ಕಡೆ.

ನಾಟಕದ ಉದ್ದಕ್ಕೂ ಪ್ರಾರ್ಥನೆಯ ಸುತ್ತ ನೆತ್ತರಿನ ಕಲೆಯಿದೆ. ಪ್ರಾರ್ಥನೆಯ ವೇಳೆಯಲ್ಲೇ ತಂದೆಯನ್ನೂ ತಮ್ಮನನ್ನೂ ಕೊಲ್ಲಿಸಿದನೆಂಬ ಆಪಾದನೆ ಸುಲ್ತಾನನ ಬೆನ್ನು ಬಿಡುವುದಿಲ್ಲ. ದಿನಕ್ಕೆ ಐದು ಬಾರಿ ಎಲ್ಲರೂ ಪ್ರಾರ್ಥಿಸಲೇಬೇಕೆಂದು ಅವನೇ ಕಟ್ಟಳೆ ಮಾಡಿದ್ದಾನೆ. ಆಗ ಯಾರ ಕೈಯಲ್ಲೂ ಆಯುಧವಿರುವುದಿಲ್ಲ. ಆದ್ದರಿಂದಲೇ ಅಮೀರರು ಅವನನ್ನು ಕೊಲ್ಲಲು ಆ ಗಳಿಗೆಯನ್ನೇ ಆರಿಸುತ್ತಾರೆ. ಅವರ ನಡುವೆ ಕುಳಿತ ವೃದ್ಧ ಶೇಖರೊಬ್ಬರು ಮಾತ್ರ ಪ್ರಾರ್ಥನೆಯ ಹೊತ್ತಿನಲ್ಲಿ ಕೊಲೆ ಕೂಡದೆಂದು ಕಂಗಾಲಾಗುತ್ತಾರೆ. ಅವರ ಮಾತು ನಡೆಯುವುದಿಲ್ಲ. ಒಳಸಂಚಿನ ಸುದ್ದಿ ಸುಲ್ತಾನನಿಗೆ ಮೊದಲೇ ಮುಟ್ಟಿರುತ್ತದೆ. ಅಮೀರರು ಕಠಾರಿ ಹಿರಿದೊಡನೆ ಮರೆಯಲ್ಲಿದ್ದ ಹಿಂದೂ ಸೈನಿಕರು ನುಗ್ಗುತ್ತಾರೆ. ಗದ್ದಲದ ನಡುವೆ ಸುಲ್ತಾನ ಅಲುಗದೆ ಪ್ರಾರ್ಥನೆ ಮುಂದುವರಿಸುತ್ತಾನೆ. ಆಮೇಲೆ ಎದ್ದು, ಶಿಹಾಬುದ್ದೀನನನ್ನು ತಾನೇ ಇರಿಯುತ್ತಾನೆ. ರಾಜ್ಯದಲ್ಲಿ ಇನ್ನು ಪ್ರಾರ್ಥನೆಯೇ ಬೇಡವೆಂದು ಆಜ್ಞೆ ಹೊರಡಿಸುತ್ತಾನೆ.

ಆ ನಿಶ್ಚಲ ಪ್ರಾರ್ಥನೆ ನಿಜವೋ, ನಟನೆಯೋ? ನಮ್ಮ ಬಳಗದಲ್ಲಿ ಅಂದು ಎದ್ದ ವಾದ ಇದು. ಕಾವಲು ಸಿದ್ಧಮಾಡಿಕೊಂಡು ಮಂಡಿಯೂರಿದವನಿಗೆ ದೇವರೇಕೆ ಬೇಕೆಂದು ವಿದ್ಯಾರ್ಥಿಯೊಬ್ಬ ಕೇಳಿದ. ಸಿ.ಆರ್. ಸಿಂಹ ಅವರ ತುಘಲಕನನ್ನು ರಂಗದ ಮೇಲೆ ಕಂಡಿದ್ದ ಹಿರಿಯರೊಬ್ಬರು, "ಎರಡೂ ನಿಜವೇ. ನಟನಾದವನು ಇವೆರಡರಲ್ಲಿ ಒಂದನ್ನು ಆರಿಸಿದರೆ ಪಾತ್ರ ಸತ್ತಂತೆ" ಎಂದರು. ಅವರ ಮಾತಿನಲ್ಲಿ ತಿರುಳಿದೆ. ತುಘಲಕನನ್ನು ಬರೀ ಹುಚ್ಚನೆಂದು ಆರ್ಭಟಿಸಿ ಅಭಿನಯಿಸಿದರೆ ಪ್ರೇಕ್ಷಕ ಸುಲಭವಾಗಿ ಪಾರಾಗುತ್ತಾನೆ. ಹುಚ್ಚನ ಪಾಪ ತನ್ನದಲ್ಲವಲ್ಲ! ತನ್ನ ತಪ್ಪನ್ನು ತಾನೇ ಬಲ್ಲ, ದೇವರಿಗಾಗಿ ನಿಜವಾಗಿ ಹಸಿದ, ಆದರೂ ಕೈಯ ಕತ್ತಿಯನ್ನು ಕೆಳಗಿಡಲಾರದ ಮನುಷ್ಯನನ್ನು ತೋರಿಸಿದಾಗಲೇ ನಮಗೆ ಭಯವಾಗುತ್ತದೆ.

ಅಜೀಜನ ಪಾತ್ರವನ್ನೂ ಹೀಗೆಯೇ ನೋಡಬೇಕು. ಅವನು ಅಗಸ, ಬ್ರಾಹ್ಮಣನ ವೇಷ ತೊಟ್ಟು ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಹಿಂದಿನ ಕಂಪನಿ ನಾಟಕಗಳಲ್ಲಿ ಹಾಸ್ಯಗಾರರಿಗೆ ಮುಂಪರದೆಯ ಎದುರಿನ ಕಿರಿದಾದ ಜಾಗ, ರಾಜರಿಗೆ ಹಿಂದಿನ ವಿಶಾಲ ರಂಗ. ಆ ಕಟ್ಟನ್ನೇ ಹಿಡಿದು ಬರೆಯಹೊರಟಾಗ ಅಜೀಜ ತನಗಿತ್ತ ಜಾಗದಲ್ಲಿ ನಿಲ್ಲದೆ ಬೆಳೆಯುತ್ತ ಹೋದನೆಂದು ಕಾರ್ನಾಡರೇ ವಿವರಿಸಿದ್ದಾರೆ. ಪ್ರಾರ್ಥನೆಯನ್ನು ಮರಳಿ ಆರಂಭಿಸಲೆಂದು ಸುಲ್ತಾನ ಐದು ವರ್ಷ ಕಾದು ಬರಮಾಡಿಕೊಳ್ಳುವ ಪವಿತ್ರ ಅತಿಥಿಯನ್ನು ದಾರಿಯಲ್ಲೇ ಕೊಂದು, ಅವನ ವೇಷದಲ್ಲಿ ಬರುವವನು ಇದೇ ಅಜೀಜ! ಕಪಟವೆಂದು ತಿಳಿದ ಮೇಲೂ ಸುಲ್ತಾನ ಅವನನ್ನು ಶಿಕ್ಷಿಸುವುದಿಲ್ಲ. ಪ್ರಾರ್ಥನೆಯನ್ನು ರಾಜಕಾರಣದ ಸಾಧನವಾಗಿಸಿದವನಿಗೆ ದೊರೆತ ಪುರೋಹಿತ ಅವನ ಪಡಿಯಚ್ಚೇ.

ಈ ದೃಶ್ಯವನ್ನು ಓದುವಾಗ ನಮಗೆ ನೆನಪಾದದ್ದು ಟಿ.ಎಸ್. ಎಲಿಯಟ್ ಅವರ 'ಮರ್ಡರ್ ಇನ್ ದಿ ಕೆಥೆಡ್ರಲ್'. 1935ರಲ್ಲಿ ಕ್ಯಾಂಟರ್‌ಬರಿಯಲ್ಲೇ ಮೊದಲು ಆಡಲಾದ ನಾಟಕವಿದು. ಅರಸ ಎರಡನೆಯ ಹೆನ್ರಿಯ ವಿರೋಧ ಕಟ್ಟಿಕೊಂಡ ಮಹಾಧರ್ಮಾಧ್ಯಕ್ಷ ಸಂತ ಥಾಮಸ್ ಬೆಕೆಟ್ಟರು 1170ರ ಡಿಸೆಂಬರ್ 29ರಂದು ತಮ್ಮ ಪ್ರಧಾನಾಲಯದಲ್ಲೇ ಕೊಲೆಯಾದ ಕಥೆ ಇದರ ವಸ್ತು. ಅಲ್ಲಿಯೂ ದೇವಾಲಯದೊಳಕ್ಕೆ ಕತ್ತಿ ಬರುತ್ತದೆ. ಗುರುಗಳು ಬಾಗಿಲಿಗೆ ಅಗುಳಿ ಹಾಕುತ್ತಾರೆ. ಬೆಕೆಟ್ಟರು ತೆರೆಯಿರೆಂದು ಅಪ್ಪಣೆ ಮಾಡುತ್ತಾರೆ. ಸುಲ್ತಾನ ಮರೆಯಲ್ಲಿ ಸೈನಿಕರನ್ನು ನಿಲ್ಲಿಸಿ ಪ್ರಾರ್ಥಿಸಿದ. ಬೆಕೆಟ್ಟರು ಬಾಗಿಲು ತೆರೆಸಿ ಪ್ರಾರ್ಥಿಸಿದರು.

ಆದರೆ ಎಲಿಯಟ್ ನಮ್ಮನ್ನು ಇಷ್ಟಕ್ಕೇ ಸಮಾಧಾನಪಡಲು ಬಿಡುವುದಿಲ್ಲ. ಬೆಕೆಟ್ಟರ ಬಳಿಗೆ ನಾಲ್ವರು ಶೋಧಕರು ಬರುತ್ತಾರೆ. ಸುಖ, ಅಧಿಕಾರ, ಕೂಟನೀತಿಗಳ ಆಸೆ ತೋರಿದ ಮೂವರನ್ನು ಅವರು ಸುಲಭವಾಗಿ ಗೆಲ್ಲುತ್ತಾರೆ. ನಾಲ್ಕನೆಯವನು ತೋರುವುದು ಹುತಾತ್ಮನ ಕೀರ್ತಿಯನ್ನು! ಒಳ್ಳೆಯ ಕಾರ್ಯವನ್ನು ಕೆಟ್ಟ ಉದ್ದೇಶದಿಂದ ಮಾಡುವ ಈ ಶೋಧನೆಯೇ ಅವರನ್ನು ನಡುಗಿಸುತ್ತದೆ. ಸಂತನನ್ನೂ ಸುಲ್ತಾನನನ್ನೂ ಬೇರ್ಪಡಿಸುವ ಗೆರೆ ಇಲ್ಲಿದೆ. ಇಬ್ಬರಲ್ಲೂ ಅಹಂಕಾರದ ಬೀಜವಿತ್ತು. ಒಬ್ಬರು ಅದನ್ನು ಗುರುತಿಸಿ ಕಿತ್ತುಹಾಕಿದರು, ಇನ್ನೊಬ್ಬ ಅದನ್ನೇ ಆದರ್ಶವೆಂದು ಕರೆದ. ಕೊಲೆಯ ನಂತರ ನಾಲ್ವರು ಯೋಧರು ಪ್ರೇಕ್ಷಕರತ್ತ ತಿರುಗಿ, ಸಭ್ಯವಾದ ಗದ್ಯದಲ್ಲಿ, ತಮ್ಮ ಕೃತ್ಯವನ್ನು ಸಮರ್ಥಿಸಿಕೊಳ್ಳುತ್ತಾರೆ. ಅವರ ಮಾತಿಗೆ ತಲೆದೂಗುವವರು ನಮ್ಮಲ್ಲೂ ಇದ್ದಾರು!

ಅಂದು ಸುಲ್ತಾನನ ಪಾತ್ರವನ್ನು ಓದುತ್ತಿದ್ದವರು ನಮ್ಮ ಬಳಗಕ್ಕೆ ಹೊಸದಾಗಿ ಸೇರಿದ್ದ ನಿವೃತ್ತ ನೌಕರರೊಬ್ಬರು. ಓದಿಗೆ ಬರುತ್ತಿದ್ದರು, ಅದಕ್ಕೂ ಮುಂಚಿನ ಪೂಜೆಗೆ ಬರುತ್ತಿರಲಿಲ್ಲ. ಪ್ರಾರ್ಥನೆಯ ನಿಷೇಧದ ಆಜ್ಞೆ ಬಂದಾಗ ಅವರು ಪುಸ್ತಕವನ್ನು ಮಡಿಲಲ್ಲಿ ಇಳಿಸಿ ಸುಮ್ಮನಾದರು. ಹಿಂದೆ ಅವರು ವಾಸವಾಗಿದ್ದ ಕಡೆಯ ಧರ್ಮಕೇಂದ್ರದಲ್ಲಿ, ಪೂಜೆ ಯಾವ ಭಾಷೆಯಲ್ಲಿ ನಡೆಯಬೇಕೆಂಬ ಜಗಳ ಬಲಿಪೀಠದ ಎದುರಿಗೇ ಕೈಕೈ ಮಿಲಾಯಿಸುವವರೆಗೆ ಹೋಗಿತ್ತಂತೆ. "ಅಂದಿನಿಂದ ನಾನೂ ಪ್ರಾರ್ಥನೆಯನ್ನು ನಿಷೇಧಿಸಿಕೊಂಡವನೇ. ಹೊಲಸು ಮಾಡಿದವರು ಅವರು ಎಂದುಕೊಂಡಿದ್ದೆ. ಆದರೆ ಅಂದು ನನ್ನ ಕೈಯೂ ಎದ್ದಿತ್ತು" ಎಂದರು. ಯಾರೂ ಮಾತಾಡಲಿಲ್ಲ. ಆಕ್ಷೇಪಿಸಿದ್ದ ತಾಯಿಯೇ ಎದ್ದುಹೋಗಿ ಅವರಿಗೆ ಕಾಫಿ ತಂದುಕೊಟ್ಟರು.

ಓದು ಮುಂದುವರಿಯಿತು. ನಾಟಕದ ಕೊನೆಯಲ್ಲಿ, ವರ್ಷಗಳಿಂದ ನಿದ್ರೆಗೆಟ್ಟ ಸುಲ್ತಾನ ಕುಳಿತಲ್ಲೇ ನಿದ್ದೆಹೋಗುತ್ತಾನೆ. ಪ್ರಾರ್ಥನೆಯ ಕರೆ ಮತ್ತೆ ಕೇಳುತ್ತದೆ. ಎಚ್ಚೆತ್ತವನು ತಾನೆಲ್ಲಿದ್ದೇನೆಂದೇ ತಿಳಿಯದವನಂತೆ ಬೆದರಿ ಸುತ್ತ ನೋಡುತ್ತಾನೆ. ಅಲ್ಲಿಗೆ ತೆರೆ. ಕರೆ ಬಂದಿದೆ, ಓಗೊಡುವ ಶಕ್ತಿ ಅವನಲ್ಲಿ ಉಳಿದಿಲ್ಲ. ಈ ಗಳಿಗೆಯಲ್ಲಿ ನಟನಿಗೆ ಮಾತಿಲ್ಲ, ಕಣ್ಣುಗಳಷ್ಟೇ ಇವೆ. ನಾಟಕದ ಅತ್ಯಂತ ಕಠಿಣವಾದ ಅಭಿನಯ ಇದೇ ಎಂದು ನಮಗನಿಸಿತು.

ಮರುವಾರ ಆ ಮಹನೀಯರು ಪೂಜೆಗೆ ಬಂದರೇ ಎಂದು ಓದುಗರು ಕೇಳಬಹುದು. ಬಂದರು. ಹಿಂದೆ, ಬಾಗಿಲ ಬಳಿ ನಿಂತಿದ್ದರು; ಮುಗಿಯುವ ಮೊದಲೇ ಹೊರಟುಹೋದರು. ನಾವು ಯಾರೂ ಏನನ್ನೂ ಕೇಳಲಿಲ್ಲ. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಸಂಧಾನ ಮಾಡಿಕೊಳ್ಳೆಂದು ಪ್ರಭು ಹೇಳಿದ್ದಾರಲ್ಲವೇ? ಮುಂದಿನ ಬಾರಿ ನಾಟಕ ನೋಡುವಾಗ, ಪಾತ್ರಧಾರಿ ಚೆನ್ನಾಗಿ ನಟಿಸಿದನೇ ಎಂದು ಕೇಳುವುದರ ಜೊತೆಗೆ, ಅವನ ಕೈಯ ಕತ್ತಿ ಯಾರದೆಂದೂ ನಮ್ಮನ್ನು ನಾವು ಕೇಳಿಕೊಳ್ಳೋಣ.