ಗಾಳಿಯ ಬೆಲೆ

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೊರಟವರಿಗೆ ಬಂಡೆಗುಡ್ಡಗಳೂ ಶೇಂಗಾ ಹೊಲಗಳೂ ಕುರಿಮಂದೆಗಳೂ ಕಾಣಸಿಗುತ್ತವೆ. ಈ ಸೀಮೆಯಲ್ಲಿ ಮಳೆ ಅಲ್ಪ. ಬಿಸಿಲಿಗೂ ಗಾಳಿಗೂ ಕೊರತೆಯಿಲ್ಲ. ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಗಾಳಿಗೆ ಯಾರೂ ಹಣ ತೆರಬೇಕಿಲ್ಲವಾದುದರಿಂದ ಅದರಿಂದ ದೊರೆಯುವ ವಿದ್ಯುತ್ತೂ ಪುಕ್ಕಟೆಯೆಂದು ನಮಗೆ ತೋರಬಹುದು. ಆದರೆ ಅರ್ಥಶಾಸ್ತ್ರದಲ್ಲಿ ಸಂಶೋಧನೆಗೆ ತೊಡಗಿದ ವಿದ್ಯಾರ್ಥಿನಿಯೊಬ್ಬಳು ಇಲ್ಲಿಗೆ ಬಂದರೆ ಅವಳು ಮೊದಲು ಕೇಳುವ ಪ್ರಶ್ನೆ ಬೇರೆ: ಈ ಯಂತ್ರವನ್ನು ಯಾವುದರಿಂದ ಮಾಡಿದ್ದಾರೆ?

ಅದರ ಸುರುಳಿಗಳಿಗೆ ತಾಮ್ರ ಬೇಕು. ಅನೇಕ ಯಂತ್ರಗಳ ಅಯಸ್ಕಾಂತಗಳಿಗೆ ನಿಯೋಡಿಮಿಯಮ್ ಎಂಬ ವಿರಳ ಭೂಧಾತು ಬೇಕು. ವಿದ್ಯುತ್ತನ್ನು ಕೂಡಿಡುವ ಬ್ಯಾಟರಿಗಳಲ್ಲಿ ಲಿಥಿಯಮ್ ಇರುತ್ತದೆ. ಭಾರತ ಸರ್ಕಾರವು 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಇವೆಲ್ಲವೂ ಸೇರಿವೆ. ಒಂದು ಖನಿಜವು ನಿರ್ಣಾಯಕವೆನಿಸುವುದು ಅದು ಭೂಮಿಯಲ್ಲಿ ಕಡಿಮೆಯಿದೆ ಎಂಬ ಕಾರಣದಿಂದ ಮಾತ್ರವಲ್ಲ. ವಿರಳ ಭೂಧಾತುಗಳು ಹೆಸರಿಗೆ ವಿರಳವಾದರೂ ನೆಲದಲ್ಲಿ ಅಷ್ಟೇನೂ ಅಪರೂಪವಲ್ಲ! ಅವುಗಳನ್ನು ಒಂದರಿಂದೊಂದು ಬೇರ್ಪಡಿಸಿ ಶುದ್ಧಿಗೊಳಿಸುವುದೇ ಕಷ್ಟದ ಕೆಲಸ; ಅದು ಬಹುಮಟ್ಟಿಗೆ ಚೀನಾ ದೇಶದಲ್ಲಿ ನಡೆಯುತ್ತದೆ. 2010ರಲ್ಲಿ ಆ ದೇಶವು ರಫ್ತನ್ನು ಮೊಟಕುಗೊಳಿಸಿದಾಗ ಅವುಗಳ ಬೆಲೆ ಗಗನಕ್ಕೇರಿತು. 2025ರಲ್ಲಿ ಅದು ಮತ್ತೆ ನಿರ್ಬಂಧಗಳನ್ನು ವಿಧಿಸಿತು.

ಹಾಗಾದರೆ ನಮ್ಮ ನೆಲವನ್ನೇ ಅಗೆಯಬಾರದೇಕೆ? ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ತಾಮ್ರದ ಅದಿರನ್ನು ತೆಗೆಯುತ್ತಿದ್ದುದುಂಟು. ಆ ಗಣಿ ಮುಚ್ಚಿತು. ನೂರಕ್ಕೆ ಒಂದು ಪಾಲು ತಾಮ್ರವಿರುವ ಒಂದು ಟನ್ ಅದಿರಿನಿಂದ ಹೆಚ್ಚೆಂದರೆ 10 ಕಿಲೋಗ್ರಾಂ ತಾಮ್ರ ದೊರೆತೀತು. ಅಗೆದು, ಪುಡಿಮಾಡಿ, ಬೇರ್ಪಡಿಸುವ ಖರ್ಚು ಆ ಹತ್ತು ಕಿಲೋಗ್ರಾಂಗಳ ಬೆಲೆಯನ್ನು ಮೀರಿದರೆ ಅದಿರು ಬರಿಯ ಕಲ್ಲಾಗಿಯೇ ಉಳಿಯುತ್ತದೆ. ಬೆಲೆ ಏರಿದ ದಿನ ಅದೇ ಕಲ್ಲು ಮತ್ತೆ ಅದಿರಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಅವರು ಉತ್ಖನನ ನಡೆಸಿದಾಗ ಅತ್ಯಂತ ಹಳೆಯ ಪದರದಲ್ಲಿ ಕಲ್ಲಿನ ಕೊಡಲಿಗಳು ಹೇರಳವಾಗಿ ಸಿಕ್ಕವು, ತಾಮ್ರದ ವಸ್ತುಗಳು ಮಾತ್ರ ಬೆರಳೆಣಿಕೆಯಷ್ಟು. ಅಂದಿನವರಿಗೂ ತಾಮ್ರ ದುಬಾರಿಯೇ ಆಗಿದ್ದಿರಬೇಕು.

ಅವಳ ಲೆಕ್ಕದಲ್ಲಿ ಇನ್ನೊಂದು ಬಾಬ್ತು ಉಂಟು, ಅದು ನೆಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಲಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲನ್ನು ವಿಜ್ಞಾನ ಸಂಸ್ಥೆಗಳಿಗೂ ರಕ್ಷಣಾ ಸಂಶೋಧನೆಗೂ, ಒಂದು ಭಾಗವನ್ನು ಸೌರವಿದ್ಯುತ್ ಉದ್ಯಮಕ್ಕೂ ಹಂಚಲಾಯಿತು. ತಲೆಮಾರುಗಳಿಂದ ಅಲ್ಲಿ ದನಕುರಿ ಮೇಯಿಸುತ್ತಿದ್ದ ಹಳ್ಳಿಗರು ಇದನ್ನು ವಿರೋಧಿಸಿದರು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮೆಟ್ಟಿಲೇರಿತು. ಶುದ್ಧ ವಿದ್ಯುತ್ತು ದೇಶಕ್ಕೆ ಬೇಕೆಂಬುದು ನಿಜ; ಕುರಿಗೆ ಹುಲ್ಲು ಬೇಕೆಂಬುದೂ ಅಷ್ಟೇ ನಿಜ. ಕುರಿಯಿಲ್ಲದೆ ಉಣ್ಣೆಯಿಲ್ಲ, ಉಣ್ಣೆಯಿಲ್ಲದೆ ಚಳ್ಳಕೆರೆಯ ಕಂಬಳಿಯಿಲ್ಲ.

ತಾಮ್ರದ ಬೆಲೆಯನ್ನು ಅವಳು ಪ್ರತಿದಿನವೂ ಲಂಡನ್ನಿನ ಲೋಹದ ಪೇಟೆಯ ಧಾರಣೆಯಲ್ಲಿ ನೋಡಿ ಬರೆದುಕೊಳ್ಳಬಹುದು. ನೂರು ಕುರಿಗಳು ಒಂದು ದಿನ ಮೇಯುವ ಹುಲ್ಲಿನ ಬೆಲೆ ಯಾವ ಪೇಟೆಯ ಧಾರಣೆಯಲ್ಲಿಯೂ ಇಲ್ಲ. ಅದಕ್ಕಾಗಿ ಅವಳು ಜಾಲಿಮರದ ನೆರಳಿನಲ್ಲಿ ಕುಳಿತಿರುವ ಕುರಿಗಾಹಿಯನ್ನೇ ಕೇಳಬೇಕಾಗುತ್ತದೆ.