ಪೆಡಲ್ ಸ್ಟೀಲ್ ಗಿಟಾರ್: ಮೊದಲು ಬಲಗೈ ಪಳಗಲಿ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಪೆಡಲ್ ಸ್ಟೀಲ್ ಗಿಟಾರ್ ಕಲಿಯುವ ಆಸೆ ಹುಟ್ಟಿದವರಿಗೆ ಮೊದಲ ಚಿಂತೆ ವಾದ್ಯದ್ದೇ. ಆದರೆ ಮೀಟಿನ ಮೊದಲ ಪಾಠಗಳಿಗೆ ಪೆಡಲ್ ಬೇಕಿಲ್ಲ. ಮನೆಯಲ್ಲಿರುವ ಲೋಹದ ತಂತಿಯ ಗಿಟಾರ್ ಸಾಕು.

ಪೆಡಲ್ ಸ್ಟೀಲ್ ಎಂದರೆ ಕಾಲುಗಳ ಮೇಲೆ ನಿಲ್ಲುವ, ಸಾಮಾನ್ಯವಾಗಿ ಹತ್ತು ತಂತಿಗಳ ವಾದ್ಯ. ಎಡಗೈಯಲ್ಲಿ ಬಾರ್, ಅಂದರೆ ದುಂಡನೆಯ ಉಕ್ಕಿನ ತುಂಡು. ಅದನ್ನು ತಂತಿಯ ಮೇಲೆ ಜಾರಿಸುತ್ತಾರೆ. ಪೆಡಲ್ ತುಳಿದರೆ ಕೆಲವು ತಂತಿಗಳ ಸ್ವರ ಬದಲಾಗುತ್ತದೆ. ಗಿಟಾರ್ ಮಲಗಿಸಿ ಉಕ್ಕು ಜಾರಿಸುವ ಪದ್ಧತಿ ಹವಾಯಿಯಿಂದ ಬಂದದ್ದು. ನಮ್ಮ ಗೋಟುವಾದ್ಯದ ನುಡಿಸಾಣಿಕೆಯೂ ಜಾರಿಸುವುದೇ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಹಿಂದೂಸ್ತಾನಿ ಸಂಗೀತವನ್ನು ಸ್ಲೈಡ್ ಗಿಟಾರಿನಲ್ಲಿ ನುಡಿಸುತ್ತಾರೆ. ಹುಡುಕಿ ಕೇಳಿ.

ಈಗ ಕೆಲಸಕ್ಕೆ ಬನ್ನಿ. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ. ತಲೆಯ ಬಳಿ ತಂತಿಗಳು ಕೂರುವ ಪಟ್ಟಿಗೆ ನಟ್ ಎನ್ನುತ್ತಾರೆ. ಅದರ ಮೇಲೆ ನಟ್ ಎಕ್ಸ್‌ಟೆಂಡರ್ ಕೂರಿಸಿದರೆ ತಂತಿಗಳು ಮೇಲೇಳುತ್ತವೆ, ಬಾರ್ ಫ್ರೆಟ್ಟಿಗೆ ತಾಗುವುದಿಲ್ಲ. ಅತಿ ತೆಳುವಾದದ್ದು ಒಂದನೇ ತಂತಿ. ಮೂರನೆಯದನ್ನು ಮಾತ್ರ ಜಿ ಇಂದ ಜಿ ಶಾರ್ಪ್‌ಗೆ, ಅರ್ಧ ಸ್ವರ ಏರಿಸಿ. ತಂತಿ ಹರಿಯುತ್ತದೆಯೇ? ಇಷ್ಟಕ್ಕೆ ಭಯ ಬೇಡ. ಈಗ 3, 2, 1ನೇ ತಂತಿಗಳಲ್ಲಿ ಜಿ ಶಾರ್ಪ್, ಬಿ, ಇ ಬಂದವು. ಇ ಷಡ್ಜವಾದರೆ ಇವು ಗ, ಪ, ಮೇಲಿನ ಸ. ಇ9 ಶ್ರುತಿಯ ಪೆಡಲ್ ಸ್ಟೀಲಿನ 6, 5, 4ನೇ ತಂತಿಗಳಲ್ಲೂ ಇವೇ ಸ್ವರಗಳಿವೆ. ಇಲ್ಲಿ ಕಲಿತ ಬೆರಳು ಅಲ್ಲಿಗೂ ಸಲ್ಲುತ್ತದೆ.

ಬಲಗೈಯ ಹೆಬ್ಬೆರಳು ಮೂರನೇ ತಂತಿಗೆ, ತೋರುಬೆರಳು ಎರಡನೆಯದಕ್ಕೆ, ನಡುಬೆರಳು ಒಂದನೆಯದಕ್ಕೆ. ಬೆರಳಿಗೆ ತೊಡುವ ಪಿಕ್‌ಗಳು ಸಿತಾರಿನ ಮಿಜರಾಬ್ ಇದ್ದ ಹಾಗೆ. ಬಾಯಲ್ಲಿ ‘ತಕಿಟ’ ಹೇಳುತ್ತಾ ಹೆಬ್ಬೆರಳು, ತೋರು, ನಡು ಎಂದು ಮೀಟಿ. ಅದು ಕೈಗೆ ಕೂತ ಮೇಲೆ ‘ತಕಧಿಮಿ’: ಹೆಬ್ಬೆರಳು, ತೋರು, ನಡು, ಮತ್ತೆ ತೋರು. ನಿಧಾನವಾಗಿ, ಸಮವಾಗಿ. ಬಳಿಕ ಬಾರ್ ಅನ್ನು 5ನೇ ಫ್ರೆಟ್ಟಿನ ಕಡ್ಡಿಯ ನೆತ್ತಿಗೇ ಇಡಿ. ಅದರ ಹಿಂದೆ ಇಟ್ಟರೆ ಸ್ವರ ತಗ್ಗುತ್ತದೆ. ಒಂದು ತಕಧಿಮಿ ಮೀಟಿ, ಕೊನೆಯ ಸ್ವರ ಮೊಳಗುತ್ತಿರುವಾಗಲೇ 7ಕ್ಕೆ ಜಾರಿಸಿ, ಮತ್ತೆ 5ಕ್ಕೆ ಇಳಿಯಿರಿ. ನಿಮ್ಮ ಮೊದಲ ನುಡಿ ಸಿದ್ಧ.

ಎಲ್ಲವೂ ಕಲಸಿ ಗದ್ದಲ ಕೇಳಿದರೆ ತಪ್ಪು ಮೀಟಿನದಲ್ಲ, ತಡೆಯದ್ದು. ಬ್ಲಾಕಿಂಗ್, ಅಂದರೆ ಮೊಳಗುವ ತಂತಿಯನ್ನು ನಿಲ್ಲಿಸುವುದು, ಈ ವಾದ್ಯದ ಅರ್ಧ ವಿದ್ಯೆ ಎಂದೇ ನನ್ನ ನಂಬಿಕೆ. ಬಲಗೈಯ ಕಿರುಬೆರಳ ಕಡೆಯ ಅಂಗೈ ಅಂಚನ್ನು ತಂತಿಗೆ ತಾಗಿಸಿ, ಮರುಮೀಟಿಗೆ ಎತ್ತಿ. ಎಡಗೈಯ ಉಳಿದ ಬೆರಳುಗಳು ಬಾರ್ ಹಿಂದೆ ತಂತಿಗಳ ಮೇಲೆ ಹಗುರವಾಗಿ ಮಲಗಿರಲಿ.

ಪೆಡಲ್ ಆಮೇಲೆ. ಇ9 ಶ್ರುತಿಯಲ್ಲಿ ಮೊದಲೆರಡು ಪೆಡಲ್ ತುಳಿದರೆ ಗ ಮಧ್ಯಮಕ್ಕೂ ಪ ಧೈವತಕ್ಕೂ ಏರುತ್ತವೆ. ಮೇಲಿನ ಸ ಅಲುಗುವುದಿಲ್ಲ. ಪೆಡಲ್ ಸ್ಟೀಲಿನ ಅಳುವಂಥ ದನಿ ಇಲ್ಲಿಂದಲೇ ಹುಟ್ಟುವುದು.

ಖರ್ಚು? ಎಕ್ಸ್‌ಟೆಂಡರ್, ಪಿಕ್‌ಗಳು ಕೆಲವು ನೂರು ರೂಪಾಯಿ. ಬಾರ್ ಸ್ವಲ್ಪ ಹೆಚ್ಚು. ದಾವಣಗೆರೆಯ ಇಲ್ಲವೇ ಬೆಂಗಳೂರಿನ ವಾದ್ಯದಂಗಡಿಗಳಲ್ಲಿ ಕೇಳಿ, ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ. ಪೆಡಲ್ ಸ್ಟೀಲನ್ನೇ ತರಿಸುವುದಾದರೆ ಸಾಗಣೆ, ಸುಂಕ ಸೇರಿ ಲಕ್ಷ ರೂಪಾಯಿ ದಾಟುತ್ತದೆ. ತಕಧಿಮಿ ಗದ್ದಲವಿಲ್ಲದೆ ಬರುವವರೆಗೆ ಆ ಹಣ ಹಾಕಬೇಡಿ.