ಕಂಠಧ್ವನಿಯ ಸಂರಕ್ಷಣೆ: ಕಂಪ್ಯೂಟರಿಗೆ ತಕ್ಕ ಸೌಂಡ್ ಕಾರ್ಡನ್ನು ಆರಿಸುವ ಕ್ರಮ



ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗಳಿಂದ ನಮ್ಮ ಶಾಲೆಗೆ ಬರುವ ನಿಮ್ಮಲ್ಲಿ ಅನೇಕರು ಈಚೆಗೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿರುವಿರಿ. ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳಿವೆ. ಅವುಗಳಲ್ಲಿ ತಾಯಿಯ ಸೋಬಾನೆ ಪದ, ಅಜ್ಜಿಯ ಬೀಸುವ ಪದ, ಶಾಲೆಯ ವಾರ್ಷಿಕೋತ್ಸವದ ಹಾಡುಗಳಿವೆ. ಅವನ್ನು ಕಂಪ್ಯೂಟರಿಗೆ ಇಳಿಸಲು ಯಾವ ಸೌಂಡ್ ಕಾರ್ಡನ್ನು ಕೊಳ್ಳಬೇಕು? ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಉತ್ತರ ಕೊಡುವುದಕ್ಕಿಂತ ಈ ಸಂಚಿಕೆಯ ಮೂಲಕ ಎಲ್ಲರಿಗೂ ತಿಳಿಸುವುದು ಲೇಸೆಂದು ಭಾವಿಸಿದ್ದೇನೆ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಮಳವಳ್ಳಿಯ ಕಡೆಯ ಹಿರಿಯ ವಿದ್ಯಾರ್ಥಿನಿಯೊಬ್ಬರು, ಗತಿಸಿದ ತಮ್ಮ ತಾಯಿಯ ಹಾಡಿದ್ದ ಕ್ಯಾಸೆಟ್ಟನ್ನು ನನಗೆ ಒಪ್ಪಿಸಿದರು. ನಾನು ಅದನ್ನು ನುಡಿಸುವ ಯಂತ್ರದಿಂದ ಒಂದು ತಂತಿಯನ್ನು ತೆಗೆದು, ಕಂಪ್ಯೂಟರಿನಲ್ಲಿ ಕಣ್ಣಿಗೆ ಬಿದ್ದ ಮೈಕಿನ ರಂಧ್ರಕ್ಕೇ ಸಿಕ್ಕಿಸಿಬಿಟ್ಟೆ. ಹಾಡು ಮುಗಿಯುವ ವೇಳೆಗೆ ಆ ಹಳೆಯ ಟೇಪು ಯಂತ್ರಕ್ಕೆ ಸಿಕ್ಕಿ ನುಚ್ಚುನೂರಾಯಿತು. ಕಂಪ್ಯೂಟರಿನಲ್ಲಿ ಉಳಿದದ್ದಾದರೂ ಏನು? ಗುಂಯ್ಗುಡುವ ಶಬ್ದ, ಒಡೆದುಹೋದ ಸ್ವರ, ಅದರ ನಡುವೆ ಎಲ್ಲಿಯೋ ಆ ತಾಯಿಯ ದನಿ. "ಇಷ್ಟಾದ್ರೂ ಉಳೀತಲ್ಲ, ಇರ್ಲಿ ಬುಡಿ ಮೇಡಮ್ಮೋರೆ" ಎಂದು ಅವರು ಹೇಳಿ ಹೋದರು. ಆದರೆ ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಆಮೇಲೆ ಕಲಿತುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಲೆಮನೆಯನ್ನು ನೋಡದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗಲೇ ಮೇಲೆ ಬಂದ ಕಲ್ಮಷವನ್ನು ತೆಗೆಯಬೇಕು; ಅಚ್ಚಿಗೆ ಹೊಯ್ದು ಬೆಲ್ಲವಾದ ಮೇಲೆ ತೆಗೆಯುವೆನೆಂದರೆ ಆಗದು. ಧ್ವನಿಯೂ ಹಾಗೆಯೇ. ಒಳಗೆ ಬರುವಾಗ ಸೇರಿದ ಕೊಳೆಯನ್ನು ಬಳಿಕ ಕಂಪ್ಯೂಟರಿನಿಂದ ತೊಳೆಯಹೊರಟರೆ, ಕೊಳೆಯ ಜೊತೆಗೆ ದನಿಯ ಜೀವವೂ ಸ್ವಲ್ಪ ಹೋಗುವುದು. ಒಡೆದ ಸ್ವರವಂತೂ ಮೊದಲಿನಂತೆ ಕೂಡಲಾರದು. ಪ್ರಸಿದ್ಧ ಗಾಯಕಿ ಗೌಹರ್ ಜಾನರು ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿನ ಕೊಳವೆಯ ಮುಂದೆ ಹಾಡಿದರು. ೧೯೩೦ರಲ್ಲಿ ನಮ್ಮ ಮೈಸೂರಿನಲ್ಲಿಯೇ ತೀರಿಕೊಂಡರು. ಅಂದು ಮುಳ್ಳು ಕೊರೆದುದಷ್ಟೇ ಇಂದು ನಮಗೆ ಕೇಳುವುದು, ಅದಕ್ಕಿಂತ ಹೆಚ್ಚಿಲ್ಲ.

ಇನ್ನು ಸೌಂಡ್ ಕಾರ್ಡೆಂದರೇನು? ತಂತಿಯಲ್ಲಿ ಅಲೆಯಾಗಿ ಬರುವ ಧ್ವನಿಯನ್ನು ಅಂಕಿಗಳನ್ನಾಗಿ ಮಾರ್ಪಡಿಸುವ ಸಾಧನ. ವಿಶ್ವೇಶ್ವರಯ್ಯ ನಾಲೆಯಲ್ಲಿ ಅಳತೆಯ ಪಟ್ಟಿಯನ್ನು ನಿಲ್ಲಿಸಿ ನೀರಿನ ಮಟ್ಟವನ್ನು ಮತ್ತೆ ಮತ್ತೆ ಬರೆದುಕೊಳ್ಳುವಂತೆ, ಇದು ಅಲೆಯ ಎತ್ತರವನ್ನು ಕ್ಷಣಕ್ಷಣಕ್ಕೂ ಅಳೆಯುತ್ತದೆ. ಸೆಕೆಂಡಿಗೆ ಎಷ್ಟು ಸಲ ಅಳೆಯುವುದೆಂಬುದು ಒಂದು ಲೆಕ್ಕ. ಪಟ್ಟಿಯ ಮೇಲೆ ಎಷ್ಟು ಗೆರೆಗಳಿವೆಯೆಂಬುದು ಮತ್ತೊಂದು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಕೇಳಬಲ್ಲುದು. ಅಳತೆಗಳು ಅದರ ಎರಡರಷ್ಟಕ್ಕಿಂತ ಹೆಚ್ಚಿರಬೇಕು. ಆದುದರಿಂದಲೇ ಹಾಡಿನ ಸಿ.ಡಿ.ಗಳಲ್ಲಿ ಸೆಕೆಂಡಿಗೆ ೪೪,೧೦೦ ಅಳತೆಗಳಿವೆ. ೧೬ ಬಿಟ್ಟಿನ ಅಳತೆಯಲ್ಲಿ ೬೫,೫೩೬ ಗೆರೆಗಳು; ೨೪ ಬಿಟ್ಟಿನದರಲ್ಲಿ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮೇಲೆ. ಧ್ವನಿಭಂಡಾರಗಳ ಅಂತರರಾಷ್ಟ್ರೀಯ ಸಂಘದವರು ಕನಿಷ್ಠ ೪೮,೦೦೦ ಅಳತೆ, ೨೪ ಬಿಟ್ಟು ಇರಬೇಕೆಂದು ಸಲಹೆ ಕೊಟ್ಟಿದ್ದಾರೆ. ಇಷ್ಟನ್ನು ಮಾಡುವ ಸಾಧನಗಳು ಇಂದು ಸಾಧಾರಣ ಬೆಲೆಗೂ ದೊರೆಯುವುವು. ಆದುದರಿಂದ ಡಬ್ಬಿಯ ಮೇಲೆ ೧,೯೨,೦೦೦ ಎಂದು ಅಚ್ಚಾಗಿರುವುದನ್ನು ಕಂಡು ಮರುಳಾಗಬೇಕಾದುದಿಲ್ಲ. ಪಟ್ಟಿ ಎಷ್ಟು ನಯವಾಗಿದ್ದರೂ ನೀರೇ ಕಲಕಿದ್ದರೆ ಪ್ರಯೋಜನವೇನು?

ಕೊಳ್ಳುವಾಗ ನೋಡತಕ್ಕ ಸಂಗತಿಗಳು ನಾಲ್ಕು.

ಮೊದಲನೆಯದು, ಲೈನ್ ಇನ್ ಎಂಬ ದ್ವಾರ. ಮೈಕಿನಿಂದ ಬರುವ ವಿದ್ಯುತ್ತು ವೋಲ್ಟಿನ ಸಾವಿರದಲ್ಲಿ ಕೆಲವು ಪಾಲು ಮಾತ್ರ. ಅದಕ್ಕಾಗಿ ಮೈಕಿನ ದ್ವಾರವು ಬಂದುದನ್ನು ಬಹಳವಾಗಿ ಹೆಚ್ಚಿಸುತ್ತದೆ. ಕ್ಯಾಸೆಟ್ ಯಂತ್ರದ ಲೈನ್ ಔಟಿನಿಂದ ಬರುವುದು ವೋಲ್ಟಿನ ಮೂರರಲ್ಲೊಂದು ಪಾಲಿನಷ್ಟು. ಅದನ್ನು ಮೈಕಿನ ದ್ವಾರಕ್ಕೆ ಕೊಟ್ಟರೆ ಸ್ವರ ಒಡೆಯದೆ ಇನ್ನೇನಾದೀತು? ನನ್ನ ತಪ್ಪು ಇದೇ ಆಗಿತ್ತು. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಲೈನ್ ಇನ್ ಇರುವುದೇ ಇಲ್ಲ.

ಎರಡನೆಯದು, ಹೊರಗಿನ ಪೆಟ್ಟಿಗೆ. ಕಂಪ್ಯೂಟರಿನ ಹೊಟ್ಟೆಯೊಳಗೆ ವಿದ್ಯುತ್ತಿನ ಗದ್ದಲ ಬಹಳ. ಅಲ್ಲಿ ಕುಳಿತ ಕಾರ್ಡಿಗೆ ಆ ಗದ್ದಲ ಸುಲಭವಾಗಿ ತಗಲುತ್ತದೆ. ಯು.ಎಸ್.ಬಿ. ತಂತಿಯಿಂದ ಜೋಡಿಸುವ ಹೊರಗಿನ ಪೆಟ್ಟಿಗೆಯೇ ನಮ್ಮಂಥವರಿಗೆ ಮೇಲು.

ಮೂರನೆಯದು, ಧ್ವನಿಯ ಮಟ್ಟವನ್ನು ಕೈಯಿಂದ ತಿರುಗಿಸಿ ಹೊಂದಿಸುವ ಗುಂಡಿ. ತಾನಾಗಿಯೇ ಹೆಚ್ಚಿಸಿ ತಗ್ಗಿಸುವ ಏರ್ಪಾಡಿದ್ದರೆ ಅದನ್ನು ನಿಲ್ಲಿಸಲು ಬರುವಂತಿರಬೇಕು. ಇಲ್ಲವಾದರೆ ಹಾಡಿನ ನಡುವಣ ಮೌನದಲ್ಲಿ ಟೇಪಿನ ಸುಯ್ಯೆಂಬ ಶಬ್ದವೇ ಮೇಲೆದ್ದು ಬರುವುದು.

ನಾಲ್ಕನೆಯದು, ಮೌನ. ಇದೇ ಮುಖ್ಯವಾದುದು, ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ತಂತಿಗಳನ್ನು ಜೋಡಿಸಿ, ಕ್ಯಾಸೆಟ್ಟನ್ನು ನುಡಿಸದೆ ಅರ್ಧ ನಿಮಿಷ ರೆಕಾರ್ಡು ಮಾಡಿರಿ. ಬಳಿಕ ಏನೂ ತುಂಬಿಲ್ಲದ ಕ್ಯಾಸೆಟ್ಟನ್ನು ನುಡಿಸಿ ಇನ್ನರ್ಧ ನಿಮಿಷ ಮಾಡಿರಿ. ಎರಡನ್ನೂ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳಿರಿ. ಖಾಲಿ ಟೇಪಿನ ಶಬ್ದಕ್ಕಿಂತ ಮೊದಲಿನದು ಸ್ಪಷ್ಟವಾಗಿ ಕಡಿಮೆಯಿದ್ದರೆ ಕಾರ್ಡು ಒಳ್ಳೆಯದು. ಎರಡೂ ಒಂದೇ ಸಮನಾಗಿದ್ದರೆ ಅದನ್ನು ಅಂಗಡಿಗೆ ಹಿಂದಿರುಗಿಸುವುದು ಒಳಿತು.

ಪರೀಕ್ಷೆಯಲ್ಲಿ 'ಗುಂ' ಎಂಬ ಒಂದೇ ಶ್ರುತಿ ಕೇಳಿದರೆ ಮಾತ್ರ ಕಾರ್ಡನ್ನು ಆಗಲೇ ಹಳಿಯಬೇಡಿರಿ. ಗೌಹರ್ ಜಾನರು ಹಾಡಿದ ಆ ೧೯೦೨ರಲ್ಲಿಯೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತೆಂಬುದು ನಮ್ಮ ಸೀಮೆಯ ಹೆಮ್ಮೆ. ಈಗ ಮನೆಮನೆಗೆ ಬರುವ ಆ ಶಕ್ತಿಯು ಸೆಕೆಂಡಿಗೆ ೫೦ ಸಲ ಕಂಪಿಸುವುದು. ಆ ಕಂಪನವೇ ತಂತಿಯೊಳಗೆ ನುಸುಳಿ 'ಗುಂ' ಎನ್ನುತ್ತದೆ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದರೆ ಅನೇಕ ವೇಳೆ ಅದು ನಿಲ್ಲುವುದು. ಮೊಬೈಲನ್ನು ದೂರವಿಡಿರಿ, ಧ್ವನಿಯ ತಂತಿಯನ್ನು ವಿದ್ಯುತ್ತಿನ ತಂತಿಯ ಪಕ್ಕದಲ್ಲಿ ಎಳೆಯಬೇಡಿರಿ.

ಕೆಲಸಕ್ಕೆ ತೊಡಗುವಾಗ ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿರಿ. ಬೇಡವಾದ ಕ್ಯಾಸೆಟ್ಟನ್ನು ಮೊದಲು ಓಡಿಸಿ ಯಂತ್ರವನ್ನು ಪರೀಕ್ಷಿಸಿ, ಆಮೇಲೆ ಅಮೂಲ್ಯವಾದುದನ್ನು ಹಾಕತಕ್ಕದ್ದು. ಆಡಾಸಿಟಿ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಅದರ ಅಳತೆಯಲ್ಲಿ ಅತಿ ಗಟ್ಟಿಯಾದ ಸ್ವರವೂ ಸೊನ್ನೆಗಿಂತ ಆರರಿಂದ ಹನ್ನೆರಡು ಡೆಸಿಬೆಲ್ ಕೆಳಗಿರಲಿ. ವೇವ್ ರೂಪದಲ್ಲಿಯೇ ಉಳಿಸಿರಿ. ಗಂಟೆಗೆ ಸುಮಾರು ಒಂದು ಗಿಗಾಬೈಟು ಸ್ಥಳ ಹಿಡಿಯುವುದು. ಎಂ.ಪಿ.೩ ರೂಪವು ಬಂಧುಗಳಿಗೆ ಕಳುಹಿಸಲು ಸಾಕು, ಕಾಪಾಡಲು ಸಾಲದು. ಪ್ರತಿಗಳು ಎರಡು ಬೇರೆ ಸ್ಥಳಗಳಲ್ಲಿರಲಿ. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿರಿ.

ಮನೆಯಲ್ಲಿ ಹಾಡುವ ಹಿರಿಯರು ಇನ್ನೂ ಇದ್ದರೆ ಅವರ ಕೆಲಸವೇ ಮೊದಲಾಗಲಿ. ಅದಕ್ಕೆ ಒಳ್ಳೆಯ ಮೈಕಿನ ದ್ವಾರವೂ, ಕಂಡೆನ್ಸರ್ ಮೈಕಿಗೆ ೪೮ ವೋಲ್ಟು ಕೊಡುವ ಏರ್ಪಾಡೂ ಇರುವ ಪೆಟ್ಟಿಗೆಯನ್ನು ಕೊಳ್ಳಿರಿ. ಫ್ಯಾನನ್ನು ನಿಲ್ಲಿಸಿ, ಬಾಯಿಂದ ಒಂದು ಗೇಣು ದೂರದಲ್ಲಿ ಮೈಕನ್ನಿಡಿರಿ. ಕ್ಯಾಸೆಟ್ಟಾದರೂ ಇನ್ನೊಂದು ವರ್ಷ ಕಾದೀತು.

ನಮ್ಮ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ೧೯೧೫ರಲ್ಲಿ ಜನಿಸಿದ ಎಚ್. ಎಲ್. ನಾಗೇಗೌಡರು ಹಳ್ಳಿಯ ಹಾಡುಗಾರರ ದನಿಯನ್ನು ಟೇಪಿನಲ್ಲಿ ಹಿಡಿದು ಕಾಪಾಡಿದರು. ಮದ್ದೂರಿನಿಂದ ಬೆಂಗಳೂರಿಗೆ ಹೋಗುವ ಹಾದಿಯಲ್ಲಿ, ರಾಮನಗರದ ಬಳಿ ಅವರು ಕಟ್ಟಿದ ಜಾನಪದ ಲೋಕವನ್ನು ನೀವು ಕಂಡಿರಬಹುದು. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದು. ತಂತಮ್ಮ ಮನೆಯ ಒಂದು ದನಿಯನ್ನು ಶುದ್ಧವಾಗಿ ಉಳಿಸಿಕೊಳ್ಳುವುದು ಮಾತ್ರ ಪ್ರತಿಯೊಬ್ಬರಿಂದಲೂ ಆಗುವ ಕೆಲಸ. ಶಾಲೆಯಲ್ಲಿ ಈಗ ತಕ್ಕ ಪೆಟ್ಟಿಗೆಯಿದೆ. ಕ್ಯಾಸೆಟ್ಟುಗಳನ್ನು ತಂದರೆ ನಿಮ್ಮೆದುರಿಗೇ ಇಳಿಸಿಕೊಡುವೆವು. ಈ ಸಲ ಮೈಕಿನ ರಂಧ್ರಕ್ಕೆ ನನ್ನ ಕೈ ಹೋಗಲಾರದು.

ಮುಖ್ಯೋಪಾಧ್ಯಾಯಿನಿ